ಹತ್ತಕ್ಕೆ ಹತ್ತು ನೀಲಿ ಮಣಿ

ಮಣ್ಣು ಸೊಂಟದವರೆಗೆ ಬಂದಿತ್ತು.

ಕಾಲು ಎತ್ತಲು ಆಗಲಿಲ್ಲ. ಬಗಲಲ್ಲಿ ಒಂದು ಗೋಣಿಚೀಲ. ತಲೆಯ ಮೇಲೆ ಜೆಸಿಬಿಯ ಬಕೆಟ್... ಅದರ ಹಲ್ಲುಗಳ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು.

"ನಿಲ್ಸೋ!" ಎಂದು ಕಿರುಚಿದೆ.

ಇಂಜಿನ್ ಸದ್ದಿನ ಮುಂದೆ ನನ್ನ ಗಂಟಲು ಯಾವ ಲೆಕ್ಕ? ಬಕೆಟ್ ಬಾಗಿತು. ಇನ್ನೊಂದು ಲೋಡ್ ಮಣ್ಣು ಧೊಪ್ಪೆಂದು ಬಿತ್ತು. ಈಗ ಎದೆಯವರೆಗೆ!

ಗುಂಡಿಯ ಅಂಚಿನಲ್ಲಿ ಮೇಸ್ತ್ರಿ ನಿಂತಿದ್ದ. ನನ್ನನ್ನು ನೋಡಿದ. ಚೆನ್ನಾಗಿಯೇ ನೋಡಿದ. ಆಮೇಲೆ ಡ್ರೈವರ್ ಕಡೆ ತಿರುಗಿ ಕೈ ಬೀಸಿದ... ಹಾಕು, ಹಾಕು ಅಂತ.

ನೀವು ನಿಮ್ಮ ಕೆಲಸ ಹೇಳಲು ಬಂದಿದ್ದೀರಿ, ಗೊತ್ತು. ಕುಳಿತುಕೊಳ್ಳಿ. ಕಳೆದುಹೋದದ್ದನ್ನು ಹುಡುಕಿಕೊಡುವುದು ನನ್ನ ಕಸುಬು. ಹನ್ನೊಂದು ವರ್ಷ ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದೆ. ಸಾಹೇಬರೊಬ್ಬರ ಕೈ ಎಲ್ಲೆಲ್ಲೋ ಹೋಯಿತು, ನನ್ನ ಕೈ ಅವರ ಕೆನ್ನೆಗೆ ಹೋಯಿತು, ಕೆಲಸವೂ ಹೋಯಿತು. ಆಮೇಲಿಂದ ಇದೇ. ಕದ್ದ ಬೈಕು, ಮಾಯವಾದ ಮನೆಪತ್ರ, ಓಡಿಹೋದ ಪಾಲುದಾರ. ಹೆಂಗಸು ಎಂದು ಹಗುರವಾಗಿ ತಿಳಿದವರು ಆಮೇಲೆ ಮೂಗು ಸವರಿಕೊಂಡಿದ್ದಾರೆ. ಆದರೆ ನನಗೆ ಅಡ್ವಾನ್ಸ್ ಕೊಡುವ ಮುಂಚೆ ಈ ಒಂದು ಕೇಸು ಕೇಳಿಬಿಡಿ.

ಅವತ್ತು ಬೆಳಗ್ಗೆ ಎಂಟೂವರೆಗೆ ಫೋನ್ ಬಂತು. ಅತ್ತಿಗೆ.

"ಮರಿ... ನನ್ನ ಕಳ್ಳಿ ಅಂತಿದಾರೆ ಕಣೇ."

ಅಷ್ಟೇ. ಲೈನ್ ಕಟ್.

ಅಮ್ಮ ಇಲ್ಲದ ನನ್ನನ್ನು ಸಾಕಿದವಳು ಅತ್ತಿಗೆ. ಮದುವೆಯಾಗಿ ಬಂದಾಗ ಅವಳಿಗೆ ಇಪ್ಪತ್ತು, ನನಗೆ ಒಂಬತ್ತು. ತಲೆ ತುಂಬ ಹೇನು. ಬಿಸಿಲಲ್ಲಿ ಕೂರಿಸಿಕೊಂಡು ಒಂದು ಸೀರೂ ಬಿಡದೆ ಹೆಕ್ಕುತ್ತಿದ್ದಳು. "ನಿಂದೇನು ಕಣ್ಣಾ, ದುರ್ಬೀನಾ?" ಎಂದು ಅಣ್ಣ ರೇಗಿಸುತ್ತಿದ್ದ. ಅಣ್ಣ ಹೋದ ಮೇಲೆ ಆ ಕಣ್ಣೇ ಅವಳಿಗೆ ಅನ್ನ ಕೊಟ್ಟಿತು.

ಊರಾಚೆ ಒಂದು ಹಳೆಯ ದಿಬ್ಬ. ಹೊಸ ರಸ್ತೆ ಅದರ ಮೇಲೇ ಹಾಯಬೇಕಿತ್ತು. ಅದಕ್ಕೆ ಮುಂಚೆ ಒಳಗೇನಿದೆ ನೋಡಿಬಿಡೋಣ ಎಂದು ಐದು ವರ್ಷದಿಂದ ಅಗೆಯುತ್ತಿದ್ದರು. ಅಗೆದ ಮಣ್ಣೆಲ್ಲ ಬಕೆಟ್‌ಗಳಲ್ಲಿ ಜರಡಿ ಸಾಲಿಗೆ ಬರುತ್ತದೆ. ಜರಡಿ ಅಲ್ಲಾಡಿಸಿದರೆ ಪುಡಿಮಣ್ಣು ಕೆಳಗೆ. ಜಾಲರಿಯ ಮೇಲೆ ಉಳಿದ ಕಲ್ಲು, ಹೆಂಟೆಗಳ ನಡುವೆ ಮಣಿಯೋ, ಸೂಜಿಯೋ, ಮೀನಿನ ಮುಳ್ಳೋ ಇದ್ದರೆ ಕಣ್ಣಿಟ್ಟು ಹೆಕ್ಕಬೇಕು. ಮಿಕ್ಕಿದ್ದನ್ನು ರಾಶಿಗೆ ಸುರಿಯಬೇಕು. ರಾಶಿಗೆ ಹೋದದ್ದು ಹೋದಂತೆಯೇ! ಆ ಸಾಲಿನಲ್ಲಿ ನಮ್ಮ ಅತ್ತಿಗೆಯೇ ನಂಬರ್ ಒನ್; ಮನೆ, ಗೋರಿಗಳ ಮುಖ್ಯ ಮಣ್ಣೆಲ್ಲ ಅವಳ ಜರಡಿಗೇ ಬರುತ್ತಿತ್ತು.

ಒಂಬತ್ತಕ್ಕೆ ನಾನು ಟೆಂಟಿನೊಳಗಿದ್ದೆ. ಎದುರಿಗೆ ಡಾಕ್ಟರು. ನಾಡಿ ಹಿಡಿಯುವ ಡಾಕ್ಟರಲ್ಲ, ಪುಸ್ತಕ ಬರೆದು ಆದ ಡಾಕ್ಟರು. ಅಗೆತಕ್ಕೆಲ್ಲ ಅವರೇ ಮುಖ್ಯಸ್ಥರು. ಇಸ್ತ್ರಿ ಮಾಡಿದ ಅಂಗಿ. ಬೂಟಿನ ಮೇಲೆ ಒಂದು ಚೂರು ಮಣ್ಣಿಲ್ಲ.

"ಪೊಲೀಸ್ ಕಡೆಯವರಾ?"

"ಮುಂಚೆ. ಈಗ ಅವಳ ನಾದಿನಿ. ಏನು ಕಳೆದಿದೆ?"

ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. ಒಂದು ಅಸ್ಥಿಪಂಜರದ ಕುತ್ತಿಗೆ. ಅದರ ಪಕ್ಕದ ಮಣ್ಣಿನಲ್ಲಿ ಮೆಣಸಿನ ಕಾಳಿನಷ್ಟು ಗಾತ್ರದ ಹಳದಿ ಚುಕ್ಕಿಗಳು. ಏಳು.

"ಚಿನ್ನ," ಎಂದರು. "ಐದು ವರ್ಷದಲ್ಲಿ ಇದೇ ಮೊದ್ಲು. ನಿನ್ನೆ ಸಂಜೆ ಸಿಕ್ತು. ಮಳೆ ಬರೋ ಹಾಗಿತ್ತು. ಒಂದೊಂದೇ ಬಿಡ್ಸಕ್ಕೆ ಟೈಮಿರ್ಲಿಲ್ಲ. ಕತ್ತಿನ ಸುತ್ತಿನ ಮಣ್ಣು ಪೂರ್ತಿ ಕತ್ತರಿಸಿ ಎರಡು ಬಕೆಟ್‌ಗೆ ತುಂಬಿದ್ವಿ. ಬೇರೆ ಯಾರ ಕೈಗೂ ಕೊಡ್ಲಿಲ್ಲ, ನಿಮ್ ಅತ್ತಿಗೆಗೇ ಕೊಟ್ವಿ. ಒಂದೂ ವಾಪಸ್ ಬರ್ಲಿಲ್ಲ."

"ಹೇಳಿದ್ರಾ ಅವ್ಳಿಗೆ, ಚಿನ್ನ ಇದೆ ಅಂತ?"

"ಇಲ್ಲ. ಹೇಳಿದ್ರೆ ಊರೆಲ್ಲಾ ಬಂದು ನಿಲ್ತಿತ್ತು."

"ಮಣ್ಣು ಮೆತ್ತಿರುತ್ತೆ. ಕಣ್ತಪ್ಪಿರಬಹುದು."

ಡಾಕ್ಟರು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

"ಲೇಬಲ್ ಮೇಡಂ, ಸ್ವಲ್ಪ ಹೇಳಿ ಇವ್ರಿಗೆ."

ಮೂಲೆಯಲ್ಲಿ ಕನ್ನಡಕದ ಹುಡುಗಿಯೊಬ್ಬಳು ಬಕೆಟ್‌ಗಳಿಗೆ ಚೀಟಿ ಕಟ್ಟುತ್ತಿದ್ದಳು. ಎಲ್ಲರೂ ಅವಳನ್ನು ಲೇಬಲ್ ಮೇಡಂ ಎನ್ನುತ್ತಿದ್ದರು. ಎದ್ದು ಬಂದು ಒಂದು ಡಬ್ಬಿ ತೆರೆದಳು. ಒಳಗೆ ಸಣ್ಣ ನೀಲಿ ಗಾಜಿನ ಮಣಿಗಳು.

"ದಿನಾ ಒಬ್ಬೊಬ್ಬರ ಮಣ್ಣಿಗೂ ಅವ್ರು ನೋಡದ ಹಾಗೆ ಹತ್ತು ಬೆರೆಸ್ತೀನಿ. ಸಂಜೆ ಎಷ್ಟು ವಾಪಸ್ ಬಂತು ನೋಡ್ತೀವಿ. ಅದು ಅವರ ಕಣ್ಣಿಗೆ ಪರೀಕ್ಷೆ. ಬೇರೆಯವ್ರಿಗೆ ಏಳು ಸಿಗುತ್ತೆ, ಎಂಟು ಸಿಗುತ್ತೆ. ನಿಮ್ ಅತ್ತಿಗೆಗೆ ಯಾವಾಗ್ಲೂ ಹತ್ತಕ್ಕೆ ಹತ್ತು."

"ನಿನ್ನೆ?"

"ನಿನ್ನೆ ಆ ಎರಡು ಬಕೆಟ್‌ಗೇ ಬೆರೆಸಿದ್ದೆ..." ಅವಳು ತಲೆ ತಗ್ಗಿಸಿದಳು. "ಹತ್ತೂ ಕೊಟ್ರು."

"ಅದೇ ಮಣ್ಣಲ್ಲಿ ಗಾಜು ಕಂಡ ಕಣ್ಣಿಗೆ ಚಿನ್ನ ಕಾಣ್ಲಿಲ್ವಂತೆ!" ಡಾಕ್ಟರು ಲ್ಯಾಪ್‌ಟಾಪ್ ಮುಚ್ಚಿದರು. "ನಾನೇನು ಕಿವಿ ಮೇಲೆ ಹೂ ಇಟ್ಕೊಂಡು ಕೂತಿಲ್ಲ. ಮೂರು ಗಂಟೆಗೆ ಇನ್‌ಸ್ಪೆಕ್ಟರ್ ಬರ್ತಾರೆ. ಸಂಜೆ ಗುಂಡಿ ಮುಚ್ತೀವಿ, ಅಗೆತ ಮುಗೀತು. ಅಷ್ಟರಲ್ಲಿ ಮಾಲು ಕಕ್ಕಿಸಿ. ಇಲ್ಲಾಂದ್ರೆ ಜೈಲು."

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ಪೊಲೀಸ್ ಆಗಿದ್ದರೆ ನಾನೂ ಅವಳನ್ನೇ ಹಿಡಿಯುತ್ತಿದ್ದೆ. ಅದೇ ಹೊಟ್ಟೆ ಉರಿಸಿತು.

ನೇರ ರಾಶಿಗೆ ಹೋದೆ. ಕದ್ದವರು ಮೊದಲು ಬಚ್ಚಿಡುವುದು ಹತ್ತಿರದಲ್ಲೇ, ಆಮೇಲೆ ಸಾಗಿಸುವುದು. ಇದು ಹನ್ನೊಂದು ವರ್ಷದ ಅನುಭವ. ಗುಂಡಿಯ ಅಂಚಿನುದ್ದಕ್ಕೂ ಆಳೆತ್ತರದ ಮಣ್ಣು. ಒಬ್ಬೊಬ್ಬ ಜರಡಿಯವಳಿಗೂ ಒಂದೊಂದು ಗೂಟ, ಗೂಟದ ಹಿಂದೆ ಅವಳವಳ ರಾಶಿ. ಅತ್ತಿಗೆಯದು ಮೂರನೆಯ ಗೂಟ. ನಿನ್ನೆ ಸಂಜೆ ಸುರಿದ ಕಲ್ಲುಮಣ್ಣು ಮೇಲೆಯೇ ಇತ್ತು, ಇನ್ನೂ ಹಸಿ. ಹತ್ತಕ್ಕೆ ಹತ್ತು ಬಂದ ಮಣ್ಣನ್ನು ಇಲ್ಲಿ ಯಾರೂ ಮತ್ತೆ ನೋಡುವುದಿಲ್ಲವಂತೆ. ಯಾರ ಬೆರಳ ಗುರುತೂ ಇರಲಿಲ್ಲ.

ಕೈ ಹಾಕಿದೆ. ಒಂದು ಹೆಂಟೆ ಒಡೆದೆ.

ನೀಲಿ ಮಣಿ!

ಖುಷಿಯಾಯಿತು ನೋಡಿ... ಖುಷಿ! ಓಡಿಹೋಗಿ ಟೆಂಟಿನ ಮೇಜಿನ ಮೇಲೆ ಕುಕ್ಕಿದೆ. ನನ್ನ ಜೀವನದಲ್ಲಿ ಮಾಡಿದ ಅತಿ ದೊಡ್ಡ ಪೆದ್ದುತನ ಅದು.

"ಹತ್ತೂ ಕೊಟ್ಲು ಅಂದ್ರಲ್ಲ? ಹಾಗಾದ್ರೆ ಇದು ಯಾವ್ದು? ಹನ್ನೊಂದನೇದಾ?"

ಲೇಬಲ್ ಮೇಡಂ ಮಣಿ ನೋಡಿದಳು. ಡಾಕ್ಟರ ಮುಖ ನೋಡಿದಳು. ಡಾಕ್ಟರ ಮುಖ ಸುಣ್ಣ ಬಳಿದಂತಾಗಿತ್ತು. ಅವರು ಮಣಿಯನ್ನು ಎತ್ತಿ ತಮ್ಮ ಜೇಬಿಗೆ ಹಾಕಿಕೊಂಡರು.

"ಯಾವತ್ತೋ ಬಿದ್ದಿದ್ದು," ಎಂದರು. "ಹೋಗಿ, ನಿಮ್ ಅತ್ತಿಗೆ ಹತ್ರ ಮಾತಾಡಿ."

ಅತ್ತಿಗೆಯನ್ನು ಸಾಮಾನು ಕೋಣೆಯಲ್ಲಿ ಕೂಡಿಹಾಕಿದ್ದರು. ಗುದ್ದಲಿ, ಹಗ್ಗ, ಖಾಲಿ ಬಕೆಟ್‌ಗಳ ನಡುವೆ ಒಂದು ಸ್ಟೂಲು. ನಾನು ಮಾತಾಡದೆ ಎರಡು ಹೆಜ್ಜೆ ಒಳಗೆ ಹೋದೆ. ಅವಳು ತಲೆ ಎತ್ತಿದಳು.

"ಯಾರು?"

ಕಿಟಕಿಯ ಬೆಳಕು ನೇರ ನನ್ನ ಮುಖಕ್ಕೆ ಬೀಳುತ್ತಿತ್ತು.

"ನಾನೇ ಅತ್ತಿಗೆ."

"ಅಯ್ಯೋ, ಬಾಯಿ ಬಿಡಬಾರ್ದೇನೇ? ಬಿಸಿಲಿಂದ ಬಂದ್ರೆ ಕಾಣಲ್ಲ."

ಬಿಸಿಲಿಂದ ಬಂದವಳು ನಾನು. ಅವಳು ಎರಡು ಗಂಟೆಯಿಂದ ಅಲ್ಲೇ ಕೂತಿದ್ದಳು. ಅವಳಿಗೆಂದು ತಂದಿದ್ದ ಟೀ ಲೋಟ ಚಾಚಿದೆ. ಅವಳ ಕೈ ಲೋಟದ ಪಕ್ಕದಲ್ಲಿ ಗಾಳಿಯನ್ನು ಹಿಡಿಯಿತು, ಮತ್ತೆ ತಡಕಿತು, ಆಮೇಲೆ ಸಿಕ್ಕಿತು.

ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಯಾವಾಗಿಂದ?" ಎಂದೆ.

ಅವಳು ಲೋಟ ಕೆಳಗಿಟ್ಟಳು, ನಿಧಾನವಾಗಿ, ನೆಲ ಮುಟ್ಟಿ ನೋಡಿಕೊಂಡು.

"ಎಂಟು ತಿಂಗ್ಳು. ನಡುವಿಂದು ಪೂರ್ತಿ ಮಂಜು. ಪಕ್ಕದಲ್ಲಿ ಸ್ವಲ್ಪ ಕಾಣುತ್ತೆ. ಕಣ್ಣಾಸ್ಪತ್ರೆಗೆ ಹೋಗಿದ್ದೆ. ನರ ಒಣಗಿದೆಯಂತೆ, ಆಪರೇಷನ್ ಮಾಡಿದ್ರೂ ಬರಲ್ವಂತೆ."

"ನೀಲಿ ಮಣಿ?"

"ಫ್ಯಾನ್ಸಿ ಸ್ಟೋರಲ್ಲಿ ಅಂಥದ್ದೇ ಸಿಗುತ್ತಲ್ಲ... ಪ್ಯಾಕೆಟ್ ತಂದಿಟ್ಕೊಂಡಿದೀನಿ. ಸಂಜೆ ಕೈಗೆ ಸಿಕ್ಕಿದ್ದಷ್ಟು ಹಾಕಿ, ಕಮ್ಮಿ ಬಿದ್ದಿದ್ದನ್ನ ಸೇರಿಸಿ ಕೊಡ್ತೀನಿ. ದೊಡ್ಡ ಸಾಮಾನೆಲ್ಲಾ ಬೆರಳಿಗೆ ಸಿಗುತ್ತೆ ಕಣೇ. ಸಣ್ಣದೇ... ಸಣ್ಣದೇ ಸಿಗಲ್ಲ."

ಗೊತ್ತಾಯಿತಲ್ಲ? ಅವಳು ಚಿನ್ನ ಕದ್ದಿರಲಿಲ್ಲ. ಕಂಡೇ ಇರಲಿಲ್ಲ. ಕಲ್ಲಿನ ಜೊತೆ ಅದನ್ನೂ ರಾಶಿಗೆ ಸುರಿದಿದ್ದಳು. ಕಣ್ಣು ಚೆನ್ನಾಗಿದೆ ಎಂದು ತೋರಿಸಲು ಕಟ್ಟಿದ ಸುಳ್ಳೇ ಈಗ ಅವಳನ್ನು ಕಳ್ಳಿ ಮಾಡಿತ್ತು!

"ನಡಿ, ಹೇಳೋಣ," ಎಂದೆ.

ಅವಳು ನನ್ನ ಮಣಿಕಟ್ಟು ಹಿಡಿದಳು. ಗಟ್ಟಿಯಾಗಿ.

"ಬೇಡ. ಕಳ್ಳಿ ಅಂದ್ರೆ ಅನ್ಲಿ. ಒಳಗೆ ಹಾಕ್ತಾರೆ, ಒಂದಿನ ಬಿಡ್ತಾರೆ. ಕುರುಡಿ ಅನ್ನಿಸ್ಕೊಂಡು ನಾನು ಆ ಜರಡಿ ಸಾಲಲ್ಲಿ ನಡ್ಕೊಂಡು ಹೋಗಲ್ಲ. ನಿಮ್ಮಣ್ಣನ ಮೇಲೆ ಆಣೆ, ಬಾಯಿ ಬಿಡಬೇಡ ಮರಿ."

"ಜೈಲು ಅತ್ತಿಗೆ, ಜೈಲು!"

"ಅಲ್ಲಿ ಸೂಜಿಗೆ ದಾರ ಪೋಣಿಸು ಅಂತ ಯಾರೂ ಕೇಳಲ್ಲ."

ಆಗ ಹೊರಗೆ ಇಂಜಿನ್ ಗುಡುಗಿತು.

ಗಡಿಯಾರ ನೋಡಿದೆ. ಹನ್ನೊಂದು. ಗುಂಡಿ ಮುಚ್ಚುವುದು ಸಂಜೆಗೆ ಅಂದಿದ್ದರಲ್ಲ? ತಕ್ಷಣ ಹೊಳೆಯಿತು. ಆ ಒಂದು ನೀಲಿ ಮಣಿಯಲ್ಲಿ ಡಾಕ್ಟರೂ ಎಲ್ಲವನ್ನೂ ಕಂಡುಬಿಟ್ಟಿದ್ದರು. ಜರಡಿ ಸರಿ ಇರಲಿಲ್ಲ ಎಂದರೆ ಎಂಟು ತಿಂಗಳ ಅಗೆತ ಮಣ್ಣುಪಾಲು. ಅಷ್ಟೂ ರಾಶಿಯನ್ನು ಮತ್ತೆ ಶೋಧಿಸಬೇಕು. ಅದಕ್ಕಿಂತ ಒಬ್ಬ ಕಳ್ಳಿ ಸಿಕ್ಕುವುದು ಎಷ್ಟೋ ಸಲೀಸು.

ಓಡಿದೆ!

ದಾರಿಯಲ್ಲಿ ಒಂದು ಗೋಣಿಚೀಲ ಎತ್ತಿಕೊಂಡೆ. ಜರಡಿ ಸಾಲಿನ ಹತ್ತಿರ ಮೇಸ್ತ್ರಿ ಅಡ್ಡ ಬಂದ. ಕಂಟ್ರಾಕ್ಟರ್ ಕಡೆಯವನು, ಕುತ್ತಿಗೆಯೇ ಇಲ್ಲದ ಆಳು.

"ರಾಶಿ ಹತ್ರ ಯಾರೂ ಹೋಗಂಗಿಲ್ಲ. ಆರ್ಡರ್ರು."

"ದಾರಿ ಬಿಡಪ್ಪ."

"ಹೆಂಗಸ್ರ ಮೇಲೆ ಕೈ ಮಾಡಲ್ಲ ನಾನು."

"ನಾನು ಗಂಡಸ್ರ ಮೇಲೆ ಮಾಡ್ತೀನಿ," ಎಂದು ಜರಡಿಯ ಮರದ ಚೌಕಟ್ಟು ತೆಗೆದು ಅವನ ಮೊಣಕಾಲಿಗೆ ಬೀಸಿದೆ.

ಅವನು ಬಿದ್ದ. ಬಾಯಲ್ಲಿ ಬಂದದ್ದನ್ನು ನಿಮ್ಮ ಮುಂದೆ ಹೇಳುವ ಹಾಗಿಲ್ಲ.

ಮೂರನೆಯ ಗೂಟ. ಮೇಲಿನ ಹಸಿ ಮಣ್ಣನ್ನು ಎರಡೂ ಕೈಯಲ್ಲಿ ಬಾಚಿ ಚೀಲಕ್ಕೆ ತುಂಬಿದೆ. ಒಂದು ಬಕೆಟ್‌ನಷ್ಟು... ಒಂದೂವರೆ... ರಾಶಿಯ ಆ ಬದಿಯಿಂದ ಜೆಸಿಬಿ ಮೂತಿ ಒಡ್ಡಿ ನೂಕಿತು. ಕಾಲ ಕೆಳಗಿನ ನೆಲವೇ ಜಾರಿತು. ನಾನು, ಚೀಲ, ಗೂಟ, ಎಲ್ಲ ಒಟ್ಟಿಗೆ ಗುಂಡಿಯೊಳಕ್ಕೆ! ಎದ್ದು ನಿಲ್ಲುವಷ್ಟರಲ್ಲಿ ಮಣ್ಣು ಸೊಂಟಕ್ಕೆ ಬಂದಿತ್ತು. ಕುಂಟುತ್ತ ಬಂದ ಮೇಸ್ತ್ರಿ ಮೇಲೆ ನಿಂತು ಕೈ ಬೀಸುತ್ತಿದ್ದ.

ಮೂರನೆಯ ಲೋಡ್ ಬಂದಿದ್ದರೆ ಈ ಕತೆ ನಿಮಗೆ ಯಾರು ಹೇಳುತ್ತಿದ್ದರೋ.

"ಏಯ್ ಮೂಳಾ! ಜೀವ ಇದೆ ಕಣೋ ಒಳಗೆ!"

ಎರಡನೆಯ ಗೂಟದವಳು. ಬಾಯಿಬಡುಕಿ ಎಂದೇ ಅವಳಿಗೆ ಹೆಸರು. ಸೀರೆ ಎತ್ತಿ ಕಟ್ಟಿ ಜೆಸಿಬಿಯ ಮುಂದೆಯೇ ನಿಂತಿದ್ದಳು. ಡ್ರೈವರ್ ಬ್ರೇಕ್ ಒತ್ತಿದ. ಜರಡಿಯ ನಾಲ್ವರು ಹೆಂಗಸರು ಗುಂಡಿಗೆ ಧುಮುಕಿದರು. ಅವರ ಕೈಯಲ್ಲಿದ್ದದ್ದು ಅಂಗೈ ಅಗಲದ ಕರಣೆಗಳು.

"ಸಲಿಕೆ ತನ್ನಿ!" ಎಂದೆ.

"ಸುಮ್ನಿರಿ ಮೇಡಂ. ಸತ್ತೋರನ್ನ ಒಂದು ಮೂಳೆ ಅಲ್ಲಾಡದಂಗೆ ಎತ್ತಿದೀವಿ. ನೀವಿನ್ನೂ ಹಸಿ ಇದೀರಿ."

ನಿಜ ಹೇಳುತ್ತೇನೆ, ಅವತ್ತು ನಾನು ನಕ್ಕದ್ದು ಅದೊಂದೇ ಸಲ.

ಮೇಲೆ ಬಂದ ತಕ್ಷಣ ಮೇಸ್ತ್ರಿ ಕೈ ಮುಗಿದ. "ಕಾಣ್ಲೇ ಇಲ್ಲ ಮೇಡಂ." ಎಲ್ಲರಿಗೂ ಕಣ್ಣಿನದೇ ತೊಂದರೆ ಅಲ್ಲಿ. ಅವನನ್ನು ಆಮೇಲೆ ನೋಡಿಕೊಂಡೆ, ಆ ಮಾತು ಬಿಡಿ.

ಚೀಲದ ಮಣ್ಣನ್ನು ನೀರಿನ ಡ್ರಮ್ಮಿನಲ್ಲಿ ಸಣ್ಣ ಜಾಲರಿಯ ಮೇಲೆ ತೊಳೆದರು. ಹೆಂಟೆಗಳು ಕರಗಿದವು. ಕೆಂಪು ನೀರು ಹರಿಯಿತು. ಬಾಯಿಬಡುಕಿ ಬಗ್ಗಿ, ಉಸಿರು ಬಿಗಿಹಿಡಿದು, ಉಗುರಿನ ತುದಿಯಿಂದ ಎತ್ತಿದಳು.

ನೀಲಿ. ನೀಲಿ. ಹಳದಿ!

ಕೊನೆಗೆ ಎಂಟು ನೀಲಿ, ಐದು ಚಿನ್ನ. ಮಿಕ್ಕಿದ್ದು ಗುಂಡಿಯೊಳಗೆ ಹೋಗಿತ್ತು. ಹೆಂಗಸರು ಆ ಎಂಟು ನೀಲಿಯನ್ನೇ ನೋಡುತ್ತಿದ್ದರು. ಬಾಯಿಬಡುಕಿ ಸೆರಗಿನಿಂದ ಮೂಗೊರೆಸಿಕೊಂಡಳು.

"ನಮ್ಗೆ ಗೊತ್ತು ಮೇಡಂ," ಎಂದಳು. "ಸಂಜೆ ಬಸ್ಸಿನ ಬೋರ್ಡು ನಾನೇ ಓದಿ ಹೇಳ್ತಿದ್ದೆ. ಕೇಳ್ತಿರ್ಲಿಲ್ಲ ಅವ್ಳು, ಸುಮ್ನೆ ಗಟ್ಟಿಯಾಗಿ ಓದ್ತಿದ್ದೆ."

ಟೆಂಟಿಗೆ ನುಗ್ಗಿದೆ. ಇನ್‌ಸ್ಪೆಕ್ಟರ್ ಆಗಲೇ ಬಂದು ಕೂತಿದ್ದ. ಅವನನ್ನೂ ಬೇಗ ಕರೆಸಿದ್ದರು. ಮೇಜಿನ ಮುಂದೆ ಅತ್ತಿಗೆ. ಮೇಜಿನ ಮೇಲೆ ಬರೆದ ಹಾಳೆ.

ಐದು ಚಿನ್ನದ ಮಣಿಯನ್ನು ಇಟ್ಟೆ. "ರಾಶಿಯಲ್ಲಿತ್ತು. ಯಾರೂ ಕದ್ದಿಲ್ಲ."

ಇನ್‌ಸ್ಪೆಕ್ಟರ್ ಹಾಳೆಯನ್ನು ನನ್ನ ಕಡೆ ತಳ್ಳಿದ. "ಒಪ್ಕೊಂಡಾಯ್ತು ಅವ್ರು. ಏಳು ಮಣಿ ಕದ್ದು ರಾಶಿಯಲ್ಲಿ ಬಚ್ಚಿಟ್ಟಿದ್ದೆ ಅಂತ ಅವ್ರೇ ಬರೆಸಿದಾರೆ. ಈಗ ನೀವು ತಂದ್ರಿ. ಸರಿಹೋಯ್ತಲ್ಲ!"

ಹನ್ನೊಂದು ವರ್ಷದ ಅನುಭವ, ಎದೆಯವರೆಗೆ ಮಣ್ಣು... ಎಲ್ಲ ಮಾಡಿ ನಾನು ತಂದದ್ದು ಅವಳ ವಿರುದ್ಧದ ಸಾಕ್ಷಿ!

ಡಾಕ್ಟರು ಕೆಮ್ಮಿದರು. ಅವರ ಕಣ್ಣು ನನ್ನ ಇನ್ನೊಂದು ಮುಷ್ಟಿಯ ಮೇಲಿತ್ತು. ನೀಲಿ ಮಣಿಗಳ ಮುಷ್ಟಿ. ಅದನ್ನು ಸುರಿದರೆ "ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತೆ, ಈಗ ತಂದ್ರಿ" ಎನ್ನುತ್ತಾರೆ. ಹೇಳಿದರೂ ಅತ್ತಿಗೆ ಒಪ್ಪುವವಳಲ್ಲ. ಹಾಳೆ ನೋಡಿದೆ. ಅವಳ ಸಹಿ ಗೆರೆ ಬಿಟ್ಟು ಒಂದು ಇಂಚು ಮೇಲೆ, ಬರೆದ ಸಾಲುಗಳ ಮೇಲೆಯೇ ಬಿದ್ದಿತ್ತು. ಯಾರೂ ಗಮನಿಸಿರಲಿಲ್ಲ.

ಅತ್ತಿಗೆ ನನ್ನ ದನಿಯ ಕಡೆ ಮುಖ ಮಾಡಿ ಸಣ್ಣಗೆ ತಲೆ ಅಲ್ಲಾಡಿಸಿದಳು. ಬೇಡ ಅಂತ.

ನನ್ನ ತಲೆಯ ಹೇನು ಹೆಕ್ಕಿದವಳು. ಅಣ್ಣನ ಮೇಲೆ ಆಣೆ.

ನೀಲಿ ಮಣಿಗಳನ್ನು ಜೇಬಿಗೆ ಹಾಕಿದೆ. ಅವಳ ಮುಂದೆ ಹೋಗಿ ನಿಂತೆ. ಬಲಗೈ ಚಾಚಿದೆ, ಅಂಗೈ ಮೇಲೆ ಮಾಡಿ, ಅವಳ ಮುಖದಿಂದ ಒಂದು ಗೇಣು ದೂರದಲ್ಲಿ.

"ಅತ್ತಿಗೆ, ನೀನು ಕದ್ದ ಚಿನ್ನ ಇದೇನಾ?"

"ಹೂಂ. ಅದೇ."

"ಎಷ್ಟಿದೆ ಹೇಳು."

ಅವಳು ಕಣ್ಣು ಕಿರಿದು ಮಾಡಿದಳು. ತಲೆಯನ್ನು ಸ್ವಲ್ಪ ಓರೆ ಮಾಡಿದಳು.

"ಏಳು," ಎಂದಳು.

ನನ್ನ ಅಂಗೈ ಖಾಲಿ ಇತ್ತು.

ಲೇಬಲ್ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದಳು. ಇನ್‌ಸ್ಪೆಕ್ಟರ್ ಎದ್ದು ನಿಂತ. ಆ ಮೌನದಲ್ಲೇ ಅತ್ತಿಗೆಗೆ ತಿಳಿಯಿತು. ಕೈ ಮುಂದೆ ಚಾಚಿ ನನ್ನ ಅಂಗೈ ಮುಟ್ಟಿದಳು. ಬೆರಳಿನಿಂದ ಈ ತುದಿಯಿಂದ ಆ ತುದಿಗೆ ತಡಕಿದಳು, ಜರಡಿ ತಡಕಿದ ಹಾಗೆ. ಏನೂ ಸಿಗಲಿಲ್ಲ. ನಿಧಾನವಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ನಾನು ಅತ್ತೆ. ಅವಳು ಅಳಲಿಲ್ಲ.

ಇನ್‌ಸ್ಪೆಕ್ಟರ್ ಹಾಳೆ ಹರಿದ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು.

"ಹೊರಗೆ ಹೇಳಿದ್ರೆ ಪೇಪರ್‌ನಲ್ಲಿ ಅವ್ರ ಹೆಸರೇ ಬರೋದು," ಎಂದರು. "ನಾನೂ ಸುಮ್ನಿರ್ತೀನಿ, ನೀವೂ ಸುಮ್ನಿರಿ."

ಸುಮ್ಮನಾದೆ. ಹೌದು ಸ್ವಾಮಿ, ನಾನೂ ಸುಮ್ಮನಾದೆ. ಸಂಜೆಯೊಳಗೆ ಎಂಟು ತಿಂಗಳ ರಾಶಿಯೂ ಗುಂಡಿಯೊಳಗಿತ್ತು. ಈಗ ಅದರ ಮೇಲೆ ನಾಲ್ಕು ಸಾಲು ಲಾರಿ ಓಡುತ್ತವೆ.

ಹೋದ ವರ್ಷ ಡಾಕ್ಟರ ಪುಸ್ತಕ ಬಂತು. ಲೇಬಲ್ ಮೇಡಂ ನನಗೊಂದು ಪ್ರತಿ ಕಳಿಸಿದ್ದಳು, ಒಂದು ಪುಟಕ್ಕೆ ಚೀಟಿ ಇಟ್ಟು. 'ಅಗೆತದ ಕೊನೆಯ ಹಂತದಲ್ಲಿ ಸಿಕ್ಕ ಪದರಗಳಲ್ಲಿ ಸಣ್ಣ ಒಡವೆಗಳು ಹೆಚ್ಚುಕಡಿಮೆ ದೊರೆತಿಲ್ಲ. ಇಲ್ಲಿ ವಾಸಿಸುತ್ತಿದ್ದವರು ಕಡುಬಡವರಾಗಿದ್ದಿರಬೇಕು.' ಒಬ್ಬ ಹೆಂಗಸಿನ ಕಣ್ಣು ಹೋಯಿತು, ಒಂದು ಊರಿಗೆ ಊರೇ ಬಡವಾಯಿತು.

ಅತ್ತಿಗೆ? ಇದ್ದಾಳೆ. ತಿಂಗಳಿಗೊಮ್ಮೆ ಸಾಮಾನು ತೆಗೆದುಕೊಂಡು ಹೋಗುತ್ತೇನೆ. ಹೆಜ್ಜೆ ಸದ್ದಿನಲ್ಲೇ ಗುರುತು ಹಿಡಿಯುತ್ತಾಳೆ, ಬಾಗಿಲು ತೆಗೆಯುತ್ತಾಳೆ. ಮರಿ ಅನ್ನುವುದಿಲ್ಲ.

"ಬನ್ನಿ ಮೇಡಂ," ಎನ್ನುತ್ತಾಳೆ. "ಕೂತ್ಕೊಳ್ಳಿ."

ನಿಮ್ಮ ಟೀ ಆರಿಹೋಯಿತು. ಸರಿ, ಈಗ ಹೇಳಿ... ನಿಮ್ಮದೇನು ಕಳೆದಿದೆ? ಅದು ಸಿಗಲೇಬೇಕಾ?